ಹುಳುಮನೆಯ ಕಾವು ಕಾಯುವ ಬಗೆ

ಚಾಕಿ ರೇಷ್ಮೆಹುಳುಗಳಿಗೆ 26ರಿಂದ 28 ಡಿಗ್ರಿ, ದೊಡ್ಡ ಹುಳುಗಳಿಗೆ 24ರಿಂದ 25 ಡಿಗ್ರಿ ಸೆಂಟಿಗ್ರೇಡ್ ಶಾಖವಿರಬೇಕು. ಕಬ್ಬಾಳಿನ ಮಾಗಿ ಚಳಿಗೆ ಶಾಖ ಇಳಿದರೆ ಹುಳು ಸೊಪ್ಪು ತಿನ್ನುವುದು ಕುಗ್ಗಿ, ಬೆಳೆ ತಡವಾಗುತ್ತದೆ.

ಹೀಟರು ಕಾಯದಿದ್ದರೆ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಅನಂತರವೇ ವೈರು ನೋಡಿ. ಒದ್ದೆ ಕೈಯಿಂದ ಮುಟ್ಟಬೇಡಿ. ವೈರು ಸುಟ್ಟಿದ್ದರೆ, ಷಾಕ್ ಹೊಡೆದರೆ ನೀವೇ ಬಿಚ್ಚದೆ ಕೆಲಸ ಬಲ್ಲವರನ್ನು ಕರೆಸಿ.

ಇದ್ದಿಲ ಅಗ್ಗಿಷ್ಟಿಕೆಯನ್ನು ಹೊರಗೆ ಹೊತ್ತಿಸಿ, ಹೊಗೆಯಡಗಿದ ಮೇಲೆ ಒಳಗಿಡುವುದು ವಾಡಿಕೆ. ಆದರೆ ಹೊಗೆಯಿಲ್ಲದ ಕೆಂಡದಿಂದಲೂ ವಾಸನೆಯಿಲ್ಲದ ವಿಷಗಾಳಿ ಹೊರಡುತ್ತದೆ. ಕೆಂಡವಿರುವ ತನಕ ಗವಾಕ್ಷಿ ಮುಚ್ಚಬೇಡಿ, ಅಲ್ಲಿ ಮಲಗಲೇಬೇಡಿ. ತಲೆ ಸುತ್ತಿದರೆ ಕೂಡಲೇ ಹೊರಗೆ ಬನ್ನಿ.

ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ, ಗಾಳಿಯಾಡಲು ಬಿಡಿ.

ಒಂದು ಬೆಳೆ ಹೋದರೆ ಇನ್ನೊಂದು ತೆಗೆಯಬಹುದು; ಹೋದ ಜೀವ ಬಾರದು.