ಪಾಠ 9: ಒಸಡಿನ ರಕ್ತ, ಮೈಯ ಸಕ್ಕರೆ

ಅತ್ತೆ ಬಚ್ಚಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು. ಉಗುಳಿದ ನೀರು ಕೆಂಪಾಗಿತ್ತು. ಸೊಸೆ ನೋಡಿದಳು.

"ಅತ್ತೆ, ಒಸಡಲ್ಲಿ ರಕ್ತ ಬರ್ತಾ ಇದೆ."

"ಉಷ್ಣ ಕಣವ್ವ. ವಯಸ್ಸೂ ಆಯ್ತಲ್ಲ. ಒಂದು ಚಿಟಿಕೆ ಕಡ್ಡಿಪುಡಿ ಒತ್ಕೊಂಡ್ರೆ ಸರಿಹೋಗುತ್ತೆ."

"ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳ್ತೀರಿ. ಕಾಲಿನ ಗಾಯಾನೂ ಮಾಯ್ದಿಲ್ಲ. ನಡೀರಿ, ನರ್ಸಮ್ಮನಿಗೆ ತೋರಿಸೋಣ."

ಉಪಕೇಂದ್ರದಲ್ಲಿ ನರ್ಸಮ್ಮ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರು. ಅತ್ತೆ ಬೆಳಗಿನಿಂದ ಏನೂ ತಿಂದಿರಲಿಲ್ಲ. ಆದರೂ ಸಕ್ಕರೆ 210 ಇತ್ತು.

"ಬರಿ ಹೊಟ್ಟೆಯಲ್ಲಿ ಇದು 100ರ ಒಳಗಿರಬೇಕು. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಇರಬಹುದು. ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಖಚಿತವಾಗಿ ಹೇಳ್ತಾರೆ. ಹಲ್ಲಿನ ಡಾಕ್ಟರಿಗೂ ತೋರಿಸಿ."

"ಸಕ್ಕರೆಗೂ ಹಲ್ಲಿಗೂ ಏನವ್ವ ಸಂಬಂಧ?" ಅತ್ತೆ ಕೇಳಿದರು.

ನರ್ಸಮ್ಮ ಬಿಡಿಸಿ ಹೇಳಿದರು.

ಸಂಬಂಧ ಏನು?

ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತದೆ. ಅದರಲ್ಲಿ ರೋಗಾಣುಗಳಿರುತ್ತವೆ. ಅವನ್ನು ಕೊಲ್ಲಲು ರಕ್ತದ ಬಿಳಿ ಕಣಗಳು ಬರುತ್ತವೆ. ನಾವು ಉಸಿರಾಡುವ ಆಮ್ಲಜನಕದಿಂದಲೇ ಅವು ಒಂದು ಬಗೆಯ ಕಿಡಿ ಹುಟ್ಟಿಸುತ್ತವೆ. ಇದು ಕಣ್ಣಿಗೆ ಕಾಣುವ ಕಿಡಿಯಲ್ಲ. ತಾಗಿದ್ದನ್ನು ಕೆಡಿಸುವ ಅತಿ ಸಣ್ಣ ಕಣ. ಅದು ತಾಗಿದರೆ ರೋಗಾಣು ಸಾಯುತ್ತದೆ.

ಬೆಂಕಿ ಒಲೆಯಲ್ಲಿದ್ದರೆ ಅಡುಗೆ ಆಗುತ್ತದೆ. ಅದೇ ಬೆಂಕಿ ಸೂರಿಗೆ ಹತ್ತಿದರೆ? ಪಾಚಿ ತೆಗೆಯದಿದ್ದರೆ ಕಿಡಿ ಹುಟ್ಟುತ್ತಲೇ ಇರುತ್ತದೆ. ಆಗ ಅದು ಒಸಡನ್ನೇ ಕೆಡಿಸುತ್ತದೆ. ಒಸಡು ಊದುತ್ತದೆ. ರಕ್ತ ಬರುತ್ತದೆ. ಹಲ್ಲು ಹಿಡಿದಿರುವ ಮೂಳೆ ಸವೆಯುತ್ತದೆ. ಹಲ್ಲು ಅಲುಗಾಡುತ್ತದೆ.

ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೂ ಇಂಥ ಕಿಡಿ ಹೆಚ್ಚುತ್ತದೆ. ಗಾಯ ಬೇಗ ಮಾಯುವುದಿಲ್ಲ. ಅದಕ್ಕೇ ಸಕ್ಕರೆ ಕಾಯಿಲೆ ಇದ್ದವರಿಗೆ ಒಸಡಿನ ರೋಗ ಹೆಚ್ಚು. ಇತ್ತ, ಊದಿದ ಒಸಡಿನ ಕೆಟ್ಟ ಪದಾರ್ಥ ರಕ್ತಕ್ಕೆ ಸೇರುತ್ತದೆ. ಸಕ್ಕರೆ ಇಳಿಸುವ ಇನ್ಸುಲಿನ್ನಿನ ಕೆಲಸ ಕುಂದುತ್ತದೆ. ಸಕ್ಕರೆ ಇನ್ನೂ ಏರುತ್ತದೆ. ಒಂದು ರೋಗ ಇನ್ನೊಂದನ್ನು ಬೆಳೆಸುತ್ತದೆ.

ಕಿಡಿ ಆರಿಸುವ ಆಹಾರ

ಈ ಕಿಡಿಯನ್ನು ಆರಿಸುವ ಪದಾರ್ಥಗಳು ನಮ್ಮ ಮೈಯಲ್ಲೇ ಇವೆ. ಆಹಾರದಿಂದಲೂ ಸಿಗುತ್ತವೆ. ಇವನ್ನು ಆಂಟಿ ಆಕ್ಸಿಡೆಂಟ್ ಎನ್ನುತ್ತಾರೆ. ನೆಲ್ಲಿಕಾಯಿ, ಸೀಬೆಕಾಯಿ, ನಿಂಬೆ, ನುಗ್ಗೆಸೊಪ್ಪು, ಟೊಮೇಟೊ ಇವುಗಳಲ್ಲಿ ಇವೆ. ಹಿತ್ತಲಲ್ಲೇ ಬೆಳೆಯಬಹುದು. ಸಕ್ಕರೆ ಪಾಕದಲ್ಲಿ ಹಾಕಿದ ನೆಲ್ಲಿಕಾಯಿ ಮಾತ್ರ ಬೇಡ.

ಆದರೆ ನೆಲ್ಲಿಕಾಯಿ ತಿಂದರೆ ಪಾಚಿ ಹೋಗುವುದಿಲ್ಲ. ಸಕ್ಕರೆ ಮಾತ್ರೆ ಬಿಡುವ ಹಾಗೂ ಇಲ್ಲ. ಆಹಾರ ಬೇಕು, ಔಷಧವೂ ಬೇಕು, ಹಲ್ಲಿನ ಶುಚಿಯೂ ಬೇಕು.

ಹಲ್ಲಿನ ಡಾಕ್ಟರ ಹತ್ತಿರ

ತಾಲ್ಲೂಕು ಆಸ್ಪತ್ರೆಯಲ್ಲಿ ಅತ್ತೆ ಹೆದರಿಕೊಂಡೇ ಕೇಳಿದರು:

"ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತಂತಲ್ಲ ಸ್ವಾಮಿ?"

"ಇಲ್ಲಮ್ಮ. ಹಲ್ಲು ಸಡಿಲ ಮಾಡೋದು ಪಾಚಿ. ಅದು ಗಾರೆ ಥರ ಗಟ್ಟಿಯಾಗಿದೆ. ಇನ್ನು ಬ್ರಷ್ಷಿಗೆ ಬರಲ್ಲ. ನಾವೇ ತೆಗೀಬೇಕು. ತೆಗೆದರೆ ಒಸಡು ಸುಧಾರಿಸುತ್ತೆ. ಸಕ್ಕರೆ ಹತೋಟಿಗೂ ಸಹಾಯ ಆಗುತ್ತೆ."

ಏನು ಮಾಡಬೇಕು?

1. ಬೆಳಗ್ಗೆ ಮತ್ತು ರಾತ್ರಿ, ಎರಡೆರಡು ನಿಮಿಷ ಮೆತ್ತನೆಯ ಬ್ರಷ್ಷಿನಿಂದ ಹಲ್ಲುಜ್ಜಿ. ಇಟ್ಟಿಗೆ ಪುಡಿ, ಇದ್ದಿಲು ಬೇಡ.
2. ರಕ್ತ ಬಂತೆಂದು ಹಲ್ಲುಜ್ಜುವುದನ್ನು ಬಿಡಬೇಡಿ.
3. ಕಡ್ಡಿಪುಡಿ, ಹೊಗೆಸೊಪ್ಪು, ಬೀಡಿ ಬಿಡಿ. ಇವು ಒಸಡನ್ನು ಕೆಡಿಸುತ್ತವೆ. ಬಾಯಿ ಕ್ಯಾನ್ಸರನ್ನೂ ತರುತ್ತವೆ.
4. 30 ವರ್ಷ ದಾಟಿದವರು ಸಕ್ಕರೆ ಪರೀಕ್ಷೆ ಮಾಡಿಸಿ.
5. ಸಕ್ಕರೆ ಕಾಯಿಲೆ ಇದ್ದರೆ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ.

ಓದಿ, ಉತ್ತರ ಬರೆಯಿರಿ

1. ಪಾಚಿ ಎಲ್ಲಿ ಕಟ್ಟುತ್ತದೆ?
2. ಕಿಡಿ ಆರಿಸುವ ಮೂರು ಆಹಾರಗಳ ಹೆಸರು ಬರೆಯಿರಿ.
3. ಬಿಟ್ಟ ಪದ ತುಂಬಿ: ಒಸಡು ಕೆಟ್ಟರೆ ರಕ್ತದಲ್ಲಿ ________ ಏರುತ್ತದೆ.

ಚರ್ಚಿಸಿ

ನಿಮ್ಮ ಮನೆಯಲ್ಲಿ ಯಾರಿಗೆ ಒಸಡಿನಿಂದ ರಕ್ತ ಬರುತ್ತದೆ? ಅವರ ಸಕ್ಕರೆ ಪರೀಕ್ಷೆ ಆಗಿದೆಯೇ?