ತೂಕ ಇಳಿಸುವುದು ತಪಸ್ಸುಕಾಲದ ಕೆಲಸವಲ್ಲ



ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ಮನೆಗೆ ಬಂದು, "ಈ ನಲವತ್ತು ದಿನ ಸಿಹಿ ಮುಟ್ಟುವುದಿಲ್ಲ, ಮಾಂಸ ಮುಟ್ಟುವುದಿಲ್ಲ, ರಾತ್ರಿಯ ಊಟವನ್ನೂ ಬಿಡುತ್ತೇನೆ. ದೇವರಿಗೂ ಸಂದಿತು, ಮೈಯೂ ಇಳಿಯಿತು" ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ನಾನೂ ಹಾಗೆ ಲೆಕ್ಕ ಹಾಕಿದವಳೇ. ಒಂದು ವರ್ಷ ಪಾಸ್ಖ ಹಬ್ಬದ ಹೊತ್ತಿಗೆ ನಾಲ್ಕು ಕಿಲೋ ಇಳಿದಿದ್ದೆ. ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಹೊತ್ತಿಗೆ ಆ ನಾಲ್ಕೂ ವಾಪಸ್ಸು ಬಂದಿದ್ದವು, ಜೊತೆಗೆ ಇನ್ನೊಂದನ್ನು ಕರೆದುಕೊಂಡು.

ಆಗ ನನಗೆ ೫೨ ವರ್ಷ, ತೂಕ ೭೮ ಕಿಲೋ. ಎರಡೂ ಮಂಡಿಗಳಲ್ಲಿ ನೋವು. ಬಲಿಪೂಜೆಯಲ್ಲಿ ಗುರುಗಳು ರೊಟ್ಟಿಯನ್ನು ಮೇಲೆತ್ತುವಾಗ ಎಲ್ಲರೂ ಮೊಣಕಾಲೂರಿದರೆ, ನಾನು ಬೆಂಚಿನ ತುದಿಯಲ್ಲಿ ಕುಳಿತು ತಲೆ ಬಾಗಿಸುತ್ತಿದ್ದೆ. ಕಾಯಿಲೆಯವರಿಗೆ ಅದು ತಪ್ಪೇನಲ್ಲ, ಬಲ್ಲೆ. ಆದರೂ ಮನಸ್ಸಿಗೆ ಹತ್ತುತ್ತಿತ್ತು. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಒಂದು ಬೆರಳನ್ನೇ ತೆಗೆಯಬೇಕಾಗಿ ಬಂದಿತ್ತು. ನನ್ನ ರಕ್ತಪರೀಕ್ಷೆಯ ಚೀಟಿ ನೋಡಿದ ವೈದ್ಯರು, "ನೀವಿನ್ನೂ ಗಡಿಯಲ್ಲಿದ್ದೀರಿ ತಾಯಿ, ದಾಟಿಲ್ಲ" ಎಂದಿದ್ದರು.

ಈ ಲೇಖನ ಬರೆಯುತ್ತಿರುವುದು ತೂಕ ಇಳಿಸಲು ಹೊರಟು, ಎರಡು ಮೂರು ತಿಂಗಳಾದ ಮೇಲೆ ಬೇಸತ್ತು ಕೈಬಿಡುವ ಹಂತಕ್ಕೆ ಬಂದವರಿಗಾಗಿ. ಹೇಗೆ ಪ್ರಾರಂಭಿಸಬೇಕೆಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆರನೆಯ ತಿಂಗಳಲ್ಲಿ, ತಕ್ಕಡಿಯ ಮುಳ್ಳು ಅಲ್ಲಾಡದೆ ನಿಂತಾಗ ಏನು ಮಾಡಬೇಕೆಂದು ಹೇಳುವವರು ಕಡಿಮೆ.

ಮೊದಲು, ಆ ನಾಲ್ಕು ಕಿಲೋ ಎಲ್ಲಿಂದ ಹೋಯಿತು ಎಂಬುದನ್ನು ನೋಡೋಣ. ನಮ್ಮ ಪಿತ್ತಜನಕಾಂಗದಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಬಿಟ್ಟ ಮೊದಲ ವಾರದಲ್ಲಿ ಈ ದಾಸ್ತಾನು ಖರ್ಚಾಗಿ ನೀರೂ ಹೊರಟುಹೋಗುತ್ತದೆ. ತಕ್ಕಡಿ ಇಳಿಯುತ್ತದೆ, ನಾವು ಹಿಗ್ಗುತ್ತೇವೆ. ಪಾಸ್ಖದ ದಿನ ಬಿರಿಯಾನಿ ಉಂಡೊಡನೆ ದಾಸ್ತಾನು ಮತ್ತೆ ತುಂಬುತ್ತದೆ, ನೀರೂ ಮರಳುತ್ತದೆ. ಕೊಬ್ಬು ಕರಗಿದ್ದು ನಾವು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಇದನ್ನು ಯಾರಾದರೂ ನನಗೆ ಆಗಲೇ ಹೇಳಿದ್ದರೆ ಜೂನ್ ತಿಂಗಳಲ್ಲಿ ಅಷ್ಟು ಅಳುತ್ತಿರಲಿಲ್ಲ.

ಹಾಗಾದರೆ ಕೊಬ್ಬು ಎಷ್ಟು ನಿಧಾನವಾಗಿ ಕರಗುತ್ತದೆ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ, ಬೇಸರಿಸಬೇಡಿ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದಿಟ್ಟುಕೊಳ್ಳಿ. ಒಟ್ಟು ೪೦ ಗ್ರಾಂ ಸಕ್ಕರೆ, ಅಂದರೆ ೧೬೦ ಕ್ಯಾಲೊರಿ. ಇದನ್ನು ಪೂರ್ತಿ ಬಿಟ್ಟಿರಿ, ಉಳಿದ ಊಟ ಹಾಗೆಯೇ ಇದೆ. ಒಂದು ಕಿಲೋ ಕೊಬ್ಬಿಗೆ ೭,೭೦೦ ಕ್ಯಾಲೊರಿ ಎಂಬ ಹಳೆಯ ಲೆಕ್ಕದಂತೆ ವರ್ಷಕ್ಕೆ ಏಳೂವರೆ ಕಿಲೋ ಇಳಿಯಬೇಕು, ಮರುವರ್ಷ ಇನ್ನೂ ಏಳೂವರೆ. ಹೀಗೇ ಆದರೆ ಹತ್ತು ವರ್ಷದಲ್ಲಿ ಮನುಷ್ಯನೇ ಉಳಿಯುವುದಿಲ್ಲ! ನಿಜ ಏನೆಂದರೆ, ದೇಹ ಹಗುರಾದಂತೆ ಅದರ ಖರ್ಚೂ ಕಡಿಮೆಯಾಗುತ್ತದೆ. ಅಮೆರಿಕದ ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು ೨೦೧೧ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಅವರ ಲೆಕ್ಕದಂತೆ, ದಿನದ ಆಹಾರದಲ್ಲಿ ಶಾಶ್ವತವಾಗಿ ಕಡಿಮೆ ಮಾಡಿದ ಪ್ರತಿ ೨೪ ಕ್ಯಾಲೊರಿಗೆ ಕೊನೆಗೆ ಸುಮಾರು ಒಂದು ಕಿಲೋ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯಲು ಸುಮಾರು ಒಂದು ವರ್ಷ ಬೇಕು, ಬಹುಮಟ್ಟಿಗೆ ಪೂರ್ತಿ ಇಳಿಯಲು ಮೂರು ವರ್ಷ ಬೇಕು.

ಮೂರು ವರ್ಷ! ಮೊದಲ ಸಲ ತಿಳಿದಾಗ ನನಗೆ ಎದೆ ಒಡೆದಂತಾಯಿತು. ಆಮೇಲೆ ಯೋಚಿಸಿದಾಗ ಸಮಾಧಾನವೇ ಆಯಿತು. ಚಹಾದ ಸಕ್ಕರೆ ಬಿಟ್ಟವರಿಗೆ ಕೊನೆಯಲ್ಲಿ ಆರೂವರೆ ಕಿಲೋ ಇಳಿಯುತ್ತದೆ. ಆದರೆ ಮೊದಲ ವರ್ಷದಲ್ಲಿ ಇಳಿಯುವುದು ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು, ಅಂದರೆ ತಿಂಗಳಿಗೆ ಕಾಲು ಕಿಲೋ ಆಸುಪಾಸು. ಇನ್ನೊಂದು ಕಡೆ, ಉಪ್ಪಿನಕಾಯಿ ಹಪ್ಪಳ ಹೆಚ್ಚಾದರೆ, ಮಲಬದ್ಧತೆಯಾದರೆ, ಹೆಂಗಸರಿಗೆ ಮುಟ್ಟಿನ ದಿನಗಳು ಹತ್ತಿರವಾದರೆ ತಕ್ಕಡಿ ಒಂದೇ ದಿನದಲ್ಲಿ ಒಂದರಿಂದ ಎರಡು ಕಿಲೋ ಏರುಪೇರಾಗುತ್ತದೆ. ಕಾಲು ಕಿಲೋ ಇಳಿದದ್ದು ಈ ಏರುಪೇರಿನಲ್ಲಿ ಕಾಣುವುದಾದರೂ ಹೇಗೆ? ಕೆಲಸ ನಡೆಯುತ್ತಲೇ ಇರುತ್ತದೆ, ತಕ್ಕಡಿಗೆ ಅದು ಕಾಣುವುದಿಲ್ಲ. ನಾವು ತಕ್ಕಡಿಯನ್ನು ನಂಬಿ ಕೆಲಸ ನಿಲ್ಲಿಸುತ್ತೇವೆ.

ಧರ್ಮಸಭೆಯ ಪಂಚಾಂಗದಲ್ಲಿ ನೇರಳೆ ಬಣ್ಣದ ತಪಸ್ಸುಕಾಲ ಕೆಲವೇ ವಾರ. ಹಸಿರು ಪೂಜಾವಸ್ತ್ರದ ಸಾಧಾರಣ ಕಾಲ ೩೩ ಅಥವಾ ೩೪ ವಾರ. ತೂಕ ಇಳಿಸುವುದು ಈ ಹಸಿರು ಕಾಲದ ಕೆಲಸ. ತಪಸ್ಸುಕಾಲದ ಉಪವಾಸದ ಉದ್ದೇಶವೇ ಬೇರೆ. ಧರ್ಮಸಭೆ ಉಪವಾಸವನ್ನು ಕಡ್ಡಾಯ ಮಾಡಿರುವುದು ವಿಭೂತಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ. ಅದನ್ನು ಸೊಂಟದ ಸುತ್ತಳತೆಗೆ ಗಂಟು ಹಾಕಿದರೆ ಉಪವಾಸವೂ ಕೆಡುತ್ತದೆ, ಪಥ್ಯವೂ ಕೆಡುತ್ತದೆ ಎಂಬುದು ನನ್ನ ಅನುಭವ.

ಸರಿ, ಕಾಣದ ಕೆಲಸವನ್ನು ವರ್ಷಗಟ್ಟಲೆ ಮಾಡುವುದು ಹೇಗೆ? ಅಡಿಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದು ಸಾಕು. ಭಾನುವಾರ ಬೆಳಿಗ್ಗೆ, ಪೂಜೆಗೆ ಹೊರಡುವ ಮುನ್ನ, ಬರಿಹೊಟ್ಟೆಯಲ್ಲಿ ಒಂದು ಸಲ ತೂಕ ನೋಡಿ ಆ ಮನೆಯಲ್ಲಿ ಬರೆಯಿರಿ. ವಾರದ ನಡುವೆ ತಕ್ಕಡಿಯ ಹತ್ತಿರ ಸುಳಿಯಬೇಡಿ. ತಿಂಗಳ ಕೊನೆಗೆ ಎಲ್ಲ ಭಾನುವಾರಗಳ ತೂಕ ಕೂಡಿಸಿ ಸರಾಸರಿ ತೆಗೆಯಿರಿ. ಅದನ್ನು ಕಳೆದ ತಿಂಗಳಿಗಲ್ಲ, ಮೂರು ತಿಂಗಳ ಹಿಂದಿನ ಸರಾಸರಿಗೆ ಹೋಲಿಸಿ ನೋಡಿ. ಆಗ ಆ ಕಾಲು ಕಿಲೋಗಳು ಸೇರಿ ಮುಕ್ಕಾಲು ಕಿಲೋ ಆಗಿ ಕಣ್ಣಿಗೆ ಬೀಳುತ್ತವೆ.

ಇನ್ನೊಂದು ಗುರುತು ಇದಕ್ಕಿಂತ ಮುಖ್ಯ. ನಡೆದ ದಿನ ಆ ತಾರೀಖಿನ ಮೂಲೆಯಲ್ಲಿ ಒಂದು ಪುಟ್ಟ ಶಿಲುಬೆ ಹಾಕಿ. ತೂಕ ನಮ್ಮ ಕೈಯಲ್ಲಿಲ್ಲ, ನಡಿಗೆ ನಮ್ಮ ಕೈಯಲ್ಲಿದೆ. ತಿಂಗಳಿಗೆ ಇಪ್ಪತ್ತು ಗುರುತು ಬಿದ್ದರೆ ಆ ತಿಂಗಳು ಚೆನ್ನಾಗಿ ನಡೆಯಿತು ಎಂದೇ ಅರ್ಥ, ತಕ್ಕಡಿ ಏನೇ ಹೇಳಲಿ. ನಾನು ಸಂಜೆ ಜಪಸರ ಹಿಡಿದು ನಡೆಯುತ್ತೇನೆ. ಒಂದು ಜಪಸರಕ್ಕೆ ಇಪ್ಪತ್ತು ನಿಮಿಷ. ಮಾತೆಯ ಪ್ರಾರ್ಥನೆಯನ್ನು ವ್ಯಾಯಾಮದ ಗಡಿಯಾರ ಮಾಡಿಕೊಂಡೆನಲ್ಲ ಎಂದು ಮೊದಮೊದಲು ಮುಜುಗರವಾಯಿತು. ಈಗ ಆಗುವುದಿಲ್ಲ. ಮನೆಯೊಳಗೆ ಕುಳಿತು ಹೇಳುವಾಗ ತೂಕಡಿಸುತ್ತಿದ್ದೆ, ದಾರಿಯಲ್ಲಿ ಆ ತೊಂದರೆಯಿಲ್ಲ.

ತೂಕ ಇಳಿಯದಿದ್ದರೆ ನಡೆದು ಏನು ಪ್ರಯೋಜನ ಎನ್ನುವವರು ಚೆನ್ನೈಯ ಒಂದು ಅಧ್ಯಯನವನ್ನು ತಿಳಿಯಬೇಕು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದ ೫೩೧ ಜನರ ಮೇಲೆ ನಡೆಸಿದ ಆ ಅಧ್ಯಯನದ ಫಲಿತಾಂಶ ೨೦೦೬ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಲು, ಸಕ್ಕರೆ ಎಣ್ಣೆ ಕಡಿಮೆ ಮಾಡಲು ಹೇಳಲಾಗಿತ್ತು. ಮೂರು ವರ್ಷದಲ್ಲಿ, ಇಂಥ ಸಲಹೆ ಇಲ್ಲದವರಲ್ಲಿ ನೂರಕ್ಕೆ ೫೫ ಮಂದಿಗೆ ಸಕ್ಕರೆ ಕಾಯಿಲೆ ಬಂದರೆ, ಸಲಹೆ ಪಡೆದವರಲ್ಲಿ ೩೯ ಮಂದಿಗೆ ಬಂತು. ಸ್ವಾರಸ್ಯವೆಂದರೆ, ಸಲಹೆ ಪಡೆದವರ ತೂಕ ಹೇಳಿಕೊಳ್ಳುವಂತೆ ಇಳಿದಿರಲೇ ಇಲ್ಲ. ತಕ್ಕಡಿ ಒಪ್ಪಿಕೊಳ್ಳದ ಒಳ್ಳೆಯದು ರಕ್ತದಲ್ಲಿ ನಡೆದಿತ್ತು. ಅಕ್ಕನ ಕಾಲನ್ನು ಕಂಡಿದ್ದ ನನಗೆ ಇದಕ್ಕಿಂತ ದೊಡ್ಡ ಪ್ರೋತ್ಸಾಹ ಬೇಕಿರಲಿಲ್ಲ.

ಅತಿಯಾದ ಹಟವೂ ಬೇಡ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪ರಿಂದ ೧೯೪೫ರವರೆಗೆ, ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ೩೬ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದರು. ಮನಸ್ಸಾಕ್ಷಿಯ ಕಾರಣದಿಂದ ಯುದ್ಧಕ್ಕೆ ಹೋಗಲು ಒಪ್ಪದೆ, ಈ ಸೇವೆಗೆ ತಾವಾಗಿ ಮುಂದೆ ಬಂದವರು ಅವರು. ಗಟ್ಟಿ ಮನಸ್ಸಿನವರೇ. ಆದರೂ ದಿನವಿಡೀ ಊಟದ ಮಾತೇ, ಊಟದ ಕನಸೇ. ಕೆಲವರು ಅಡಿಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು. ಹಸಿವು ಮಿತಿ ಮೀರಿದಾಗ ಮನಸ್ಸು ಹೀಗಾಗುವುದು ದೇಹದ ಗುಣ, ಭಕ್ತಿಯ ಕೊರತೆಯಲ್ಲ. ನನ್ನ ಎರಡನೆಯ ಪ್ರಯತ್ನದಲ್ಲಿ ನಾನು ಯಾವ ಹೊತ್ತಿನ ಊಟವನ್ನೂ ಬಿಡಲಿಲ್ಲ. ಅನ್ನ ಒಂದು ಸೌಟು ಕಡಿಮೆ, ಪಲ್ಯ ಒಂದು ಸೌಟು ಹೆಚ್ಚು, ಚಹಾಕ್ಕೆ ಸಕ್ಕರೆ ಅರ್ಧ ಚಮಚ. ಒಗ್ಗರಣೆಗೆ ಎಣ್ಣೆಯನ್ನು ಜಾಡಿಯಿಂದ ಸುರಿಯುವುದು ಬಿಟ್ಟು ಚಮಚದಲ್ಲಿ ಅಳೆದೆ. ಅಷ್ಟೆ.

ಇನ್ನು ಮನೆಯವರ ವಿಷಯ. ಯಜಮಾನರು, "ಒಂದು ಕಜ್ಜಾಯಕ್ಕೆ ಏನಾಗಿಬಿಡುತ್ತೆ, ತಿನ್ನೇ" ಎನ್ನುತ್ತಾರೆ. ಅತ್ತೆ, "ಅನ್ನ ಚೆಲ್ಲಬಾರದು ಕಣಮ್ಮ" ಎಂದು ಮಕ್ಕಳ ತಟ್ಟೆಯಲ್ಲಿ ಮಿಕ್ಕಿದ್ದನ್ನು ನಮ್ಮ ಕಡೆ ಸರಿಸುತ್ತಾರೆ. ಮಗಳು ಮೇಲಿಂದ ಕೆಳಗೆ ನೋಡಿ, "ಅಮ್ಮಾ, ಏನೂ ಇಳಿದೇ ಇಲ್ಲವಲ್ಲ" ಎಂದು ನಗುತ್ತಾಳೆ. ಯಾರಿಗೂ ಕೆಟ್ಟ ಮನಸ್ಸಿಲ್ಲ. ಆದರೆ ತಾಯಿಯ ಹೊಟ್ಟೆ ಮನೆಯ ಮಿಕ್ಕ ಅನ್ನದ ಪಾತ್ರೆಯಲ್ಲ. ಮಿಗದ ಹಾಗೆ ಅಳತೆ ಮಾಡಿ ಅಡಿಗೆ ಮಾಡಿ, ಮಿಕ್ಕರೆ ಮರುದಿನ ಚಿತ್ರಾನ್ನ ಮಾಡಿ. ಗಂಡಸರಿಗೂ ಒಂದು ಮಾತು: ಹೆಂಡತಿ ನಡೆಯಲು ಹೊರಟಾಗ ಅವಳ ಮುಂದೆ ಚಹಾದ ಲೋಟ ಚಾಚದಿದ್ದರೆ ಅರ್ಧ ಸಹಾಯ ಮಾಡಿದಂತೆ. ಜೊತೆಗೆ ನಡೆದರೆ ಪೂರ್ತಿ.

ಹಬ್ಬದ ದಿನ ತಪ್ಪುತ್ತೇವೆ, ತಪ್ಪಲಿ. ಕ್ರಿಸ್‌ಮಸ್‌ಗೆ ಕೇಕು, ಕಲ್‌ಕಲ್, ಕರ್ಜಿಕಾಯಿ ತಿನ್ನದೆ ಮುಖ ಊದಿಸಿಕೊಂಡು ಕೂರುವವರು ಯಾರಿಗೂ ಬೇಡ. ಅಪಾಯ ಇರುವುದು ಆ ದಿನದಲ್ಲಲ್ಲ. "ಹೇಗೂ ಕೆಟ್ಟಿತು, ಹೊಸ ವರ್ಷದಿಂದ ನೋಡೋಣ" ಎಂಬ ಮಾತಿನಲ್ಲಿ. ಜಿನೀವಾದ ಧರ್ಮಾಧ್ಯಕ್ಷರಾಗಿದ್ದ ಸಂತ ಫ್ರಾನ್ಸಿಸ್ ಸೇಲ್ಸರು ೧೬೦೯ರಲ್ಲಿ ಪ್ರಕಟವಾದ ತಮ್ಮ ಭಕ್ತಿಜೀವನದ ಗ್ರಂಥದಲ್ಲಿ, ಕೋಪಗೊಂಡೆನಲ್ಲ ಎಂದು ತನ್ನ ಮೇಲೆಯೇ ಕೋಪಗೊಳ್ಳುವವರನ್ನು ತಿದ್ದುತ್ತಾರೆ. ತಪ್ಪಿದ ಹೃದಯವನ್ನು ಬೈಯದೆ ಮೆಲ್ಲಗೆ ಎಬ್ಬಿಸಬೇಕೆಂಬುದು ಅವರ ಬೋಧನೆ. ಊಟದ ವಿಷಯದಲ್ಲಿ ಅದರ ಅರ್ಥ ಇಷ್ಟೇ: ಮಧ್ಯಾಹ್ನ ತಪ್ಪಿದರೆ ರಾತ್ರಿಯ ಊಟ ಎಂದಿನಂತೆ ಇರಲಿ. ದಂಡ ಕಟ್ಟುವಂತೆ ರಾತ್ರಿ ಉಪವಾಸ ಬೇಡ, ಸೋಮವಾರದವರೆಗೆ ಕಾಯುವುದೂ ಬೇಡ.

೧೯೯೪ರಲ್ಲಿ ಅಮೆರಿಕದಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಎಂಬ ಸಂಶೋಧಕರು, ಹದಿಮೂರೂವರೆ ಕಿಲೋಗಿಂತ ಹೆಚ್ಚು ಇಳಿಸಿ ಒಂದು ವರ್ಷವಾದರೂ ಹಾಗೆಯೇ ಉಳಿಸಿಕೊಂಡವರ ಒಂದು ದಾಖಲೆ ಪುಸ್ತಕ ತೆರೆದರು. ಸಾವಿರಾರು ಮಂದಿ ಹೆಸರು ಬರೆಸಿದ್ದಾರೆ. ಅವರಲ್ಲಿ ಹೆಚ್ಚಿನವರು ಅದಕ್ಕೆ ಮುಂಚೆ ಪ್ರಯತ್ನಿಸಿ ಸೋತವರೇ. ಮುಕ್ಕಾಲು ಪಾಲು ಜನ ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ, ಬೆಳಗಿನ ತಿಂಡಿ ಬಿಡುವುದಿಲ್ಲ. ಬಹುತೇಕ ಎಲ್ಲರೂ ದಿನಕ್ಕೆ ಸುಮಾರು ಒಂದು ಗಂಟೆ ಮೈ ದಣಿಸುತ್ತಾರೆ, ಅದರಲ್ಲೂ ನಡಿಗೆಯೇ ಹೆಚ್ಚು. ೨೦೨೫ರಲ್ಲಿ ತೂಕ ಇಳಿಸುವ ವಾರದ ಚುಚ್ಚುಮದ್ದುಗಳು ನಮ್ಮ ದೇಶಕ್ಕೂ ಬಂದವು. ಕೆಲವರಿಗೆ ಅವು ಬೇಕಾಗಬಹುದು, ಅದನ್ನು ವೈದ್ಯರು ತೀರ್ಮಾನಿಸಲಿ. ಆದರೆ ನಿಲ್ಲಿಸಿದ ಮೇಲೆ ಇಳಿದ ತೂಕದಲ್ಲಿ ಬಹುಪಾಲು ಮರಳುವುದು ಕಂಡುಬಂದಿದೆ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಅಳತೆ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಈ ಗೋಜಿಗೆ ಹೋಗಬಾರದು. ಯಾವ ಪ್ರಯತ್ನವೂ ಇಲ್ಲದೆ ತೂಕ ತಾನಾಗಿ ಇಳಿಯತೊಡಗಿದರೆ ಸಂತೋಷಪಡಬೇಡಿ, ತಡಮಾಡದೆ ಪರೀಕ್ಷೆ ಮಾಡಿಸಿ.

ನನ್ನ ಲೆಕ್ಕ ಹೇಳಿಬಿಡುತ್ತೇನೆ. ಮೊದಲ ವರ್ಷ ನಾಲ್ಕು ಕಿಲೋ, ಎರಡನೆಯ ವರ್ಷ ಎರಡೂವರೆ, ಮೂರನೆಯ ವರ್ಷ ಒಂದು. ಕೇಳಿದವರು, "ಇಷ್ಟೇನಾ?" ಎನ್ನುತ್ತಾರೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಬೀಳುವ ಹೊರೆ ನಾಲ್ಕು ಕಿಲೋ ಕಡಿಮೆಯಾಗುತ್ತದೆ ಎಂದು ೨೦೦೫ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಏಳೂವರೆಗೆ ಮೂವತ್ತು ಕಿಲೋ ಆಯಿತು, ಒಂದು ಮೂಟೆ ಅಕ್ಕಿಗಿಂತ ಹೆಚ್ಚು. ರಕ್ತಪರೀಕ್ಷೆಯ ಚೀಟಿಯಲ್ಲಿ ನಾನು ಇನ್ನೂ ಗಡಿಯ ಈಚೆಗೇ ಇದ್ದೇನೆ. ಕಳೆದ ಸೆಪ್ಟೆಂಬರ್ ೮ರಂದು, ಮಾತೆಯ ಹುಟ್ಟುಹಬ್ಬದ ಪೂಜೆಯಲ್ಲಿ, ಬಹಳ ವರ್ಷಗಳ ಮೇಲೆ ಮೊಣಕಾಲೂರಿದೆ. ಏಳುವಾಗ ಮುಂದಿನ ಬೆಂಚನ್ನು ಹಿಡಿಯಬೇಕಾಯಿತು. ಪಕ್ಕದಲ್ಲಿದ್ದ ಮಗಳು ಕೈ ನೀಡಲು ಬಂದಳು, ಬೇಡವೆಂದೆ.