ಒಂದೇ ಹೆಸರು, ಹಲವು ಜನ: ಹಳೆಯ ಕಡತಗಳಲ್ಲಿ ಸರಿಯಾದವರನ್ನು ಹಿಡಿಯುವ 8 ಸೂತ್ರಗಳು

ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೀರಾ? ಪತ್ರಾಗಾರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೀರಾ? ಒಂದೇ ಹೆಸರು ಐದು ಕಡತಗಳಲ್ಲಿ ಸಿಕ್ಕಾಗ ಕೈಚೆಲ್ಲಬೇಡಿ. ‘ಇದು ನನ್ನಿಂದಾಗದು’ ಎನ್ನುವುದು ಬರೀ ಅಭ್ಯಾಸ. ವಿಧಾನ ಕೈಗೆ ಹತ್ತಿದರೆ ಅದು ಬಿಟ್ಟುಹೋಗುತ್ತದೆ.

1. ಮೊದಲು ಬೇರೆ ಇಡಿ, ಆಮೇಲೆ ಸೇರಿಸಿ.
ಪ್ರತಿ ಉಲ್ಲೇಖಕ್ಕೂ ಒಂದು ಕಾರ್ಡ್ ಮಾಡಿ. ಹೆಸರು, ತಾರೀಖು, ಊರು, ಹುದ್ದೆ, ಕಡತದ ನಂಬರ್ ಬರೆಯಿರಿ. ಪುರಾವೆ ಸಿಗುವವರೆಗೆ ಇಬ್ಬರನ್ನು ಇಬ್ಬರೆಂದೇ ಇಡಿ. ಬೇರೆ ಇಟ್ಟದ್ದನ್ನು ಸೇರಿಸಲು ಒಂದು ನಿಮಿಷ ಸಾಕು. ಕಲಸಿದ್ದನ್ನು ಬಿಡಿಸಲು ಇಡೀ ಅಧ್ಯಾಯವನ್ನೇ ಮತ್ತೆ ಬರೆಯಬೇಕಾಗುತ್ತದೆ.

2. ಅಪ್ಪನ ಹೆಸರು ಸಿಕ್ಕಿತೆಂದು ಫೈಲ್ ಮುಚ್ಚಬೇಡಿ.
ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿ. ಹಾಗಾಗಿ ಅಪ್ಪ–ಮಗನ ಹೆಸರಿನ ಜೋಡಿಯೇ ತಲೆಮಾರು ದಾಟಿ ಮರಳಿ ಬರುತ್ತದೆ. ಮೈಸೂರು ಅರಮನೆಯನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿ. ನಾಲ್ವಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜೇಂದ್ರ ಒಡೆಯರು, ತಾಯಿಯ ಹೆಸರು ಮತ್ತೆ ಕೆಂಪನಂಜಮ್ಮಣ್ಣಿಯೇ! ಇಬ್ಬರೂ ಎಳೆಯ ವಯಸ್ಸಿನಲ್ಲೇ ಪಟ್ಟಕ್ಕೆ ಬಂದವರು. ಒಬ್ಬರು 1799ರಲ್ಲಿ, ಇನ್ನೊಬ್ಬರು 1895ರಲ್ಲಿ. ಮುಮ್ಮಡಿ, ನಾಲ್ವಡಿ ಎಂಬ ಎಣಿಕೆ ಎಲ್ಲ ಕಾಗದಗಳಲ್ಲೂ ಇರುತ್ತದೆಂದು ನಂಬಿ ಕೂರಬೇಡಿ.

3. ಜೊತೆಗಿರುವವರನ್ನು ಹಿಡಿಯಿರಿ.
ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ದೊಡ್ಡ ಸೂತ್ರ ಇದೇ. ‘ಕೃಷ್ಣರಾಜ’ ಎಂದಷ್ಟೇ ಇರುವ ಕಾಗದದಲ್ಲಿ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸುತ್ತಿದ್ದರೆ ಕೃಷ್ಣರಾಜರು ಮುಮ್ಮಡಿಯವರು. ದಿವಾನರು ವಿಶ್ವೇಶ್ವರಯ್ಯನವರಾಗಿದ್ದರೆ ನಾಲ್ವಡಿಯವರು. ಒಬ್ಬರ ಹೆಸರು ಮರುಕಳಿಸಬಹುದು, ಸುತ್ತಲಿನ ಇಡೀ ಗುಂಪು ಮರುಕಳಿಸುವುದಿಲ್ಲ. ರೈತಾಪಿ ಜನರ ವಿಷಯದಲ್ಲೂ ಇದನ್ನೇ ಮಾಡಿ. ಕ್ರಯಪತ್ರದ ಚಕ್ಕುಬಂದಿ ಓದಿ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು, ಸಾಕ್ಷಿ ಹಾಕಿದವರು ಯಾರು, ಪತ್ರ ಬರೆದವರು ಯಾರು, ಎಲ್ಲವನ್ನೂ ಕಾರ್ಡಿಗೆ ಇಳಿಸಿ.

4. ‘ಬಿನ್’, ‘ಕೋಂ’ ಬಿಡಬೇಡಿ.
ಕಂದಾಯದ ದಾಖಲೆಗಳಲ್ಲಿ ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ. ಜೊತೆಗೆ ಸರ್ವೆ ನಂಬರನ್ನೂ ಬರೆದುಕೊಳ್ಳಿ. ಜನ ಬದಲಾಗುತ್ತಾರೆ, ಹೊಲ ಅಲ್ಲೇ ಇರುತ್ತದೆ. ಖಾತೆ ಯಾರಿಂದ ಯಾರಿಗೆ ಹೋಯಿತೆಂದು ನೋಡುತ್ತಾ ಹೋಗಿ, ಅರ್ಧ ವಂಶವೃಕ್ಷ ಅಲ್ಲೇ ಸಿಗುತ್ತದೆ.

5. ಸಂವತ್ಸರವೊಂದನ್ನೇ ನೆಚ್ಚಬೇಡಿ.
60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ‘ಕೃಷ್ಣರಾಜ ಒಡೆಯರು, ಜಯ ಸಂವತ್ಸರ’ ಎಂದಷ್ಟೇ ಇದೆ ಅಂದುಕೊಳ್ಳಿ. ಅದು 1834–35 ಆಗಬಹುದು, ಆಗ ಮುಮ್ಮಡಿಯವರು ಬದುಕಿದ್ದರು. 1894–95 ಕೂಡ ಆಗಬಹುದು, ನಾಲ್ವಡಿಯವರಿಗೆ ಪಟ್ಟವಾದದ್ದು ಆ ಸಂವತ್ಸರ ಮುಗಿಯುವ ಮುನ್ನವೇ. ಶಕವರ್ಷ ಹುಡುಕಿ, 78 ಕೂಡಿಸಿ, ತಿಥಿ–ವಾರ ತಾಳೆ ನೋಡಿ.

6. ಬಿರುದಿಗೂ ‘ಯಾವ?’ ಎಂದು ಕೇಳಿ.
‘ಛಂದೋಂಬುಧಿ’ ಬರೆದ ನಾಗವರ್ಮ ಒಬ್ಬ, ‘ಕಾವ್ಯಾವಲೋಕನ’ ಬರೆದ ನಾಗವರ್ಮ ಇನ್ನೊಬ್ಬ. ಎರಡನೆಯವನ ಕಾಲ ತಿಳಿಯಲು ಆಶ್ರಯ ಕೊಟ್ಟ ಜಗದೇಕಮಲ್ಲನ ಕಡೆ ತಿರುಗಿದರೆ, ಆ ಬಿರುದಿನವರೂ ಇಬ್ಬರು! ಒಬ್ಬ 11ನೇ ಶತಮಾನದ ಚಾಲುಕ್ಯ ಅರಸ, ಇನ್ನೊಬ್ಬ 12ನೆಯ ಶತಮಾನದವ. ಯಾರೆಂದು ಹೇಳುತ್ತೀರಿ ಎನ್ನುವುದರ ಮೇಲೆ ಕವಿಯ ಕಾಲವೇ ನೂರು ವರ್ಷ ಹಿಂದೆ ಮುಂದೆ ಆಗುತ್ತದೆ. ವಿದ್ವಾಂಸರು ಇಲ್ಲಿ ಬಹುಕಾಲ ಚರ್ಚಿಸಿದ್ದು ಸುಮ್ಮನೆ ಅಲ್ಲ. ಒಂದು ಸುಳಿವಿನ ಮೇಲೆ ಭಾರ ಹಾಕಬೇಡಿ, ಕನಿಷ್ಠ ಮೂರು ಸೇರಿಸಿ.

7. ಸ್ಪೆಲ್ಲಿಂಗ್ ಪಟ್ಟಿ ಮಾಡಿ.
ಇಂಗ್ಲಿಷ್ ಕಡತಗಳಲ್ಲಿ ಒಡೆಯರ್ ಎಂಬುದೇ ವೊಡೆಯರ್, ವಾಡಿಯಾರ್ ಎಂದೆಲ್ಲ ಆಗುತ್ತದೆ. ಪ್ರತಿ ರೂಪವನ್ನೂ ಹಾಕಿ ಹುಡುಕಿ.

8. ನಿಮ್ಮ ತೀರ್ಮಾನವನ್ನು ನೀವೇ ಮುರಿಯಲು ನೋಡಿ.
ಪರೀಕ್ಷಕರು ಕೇಳುವ ಮೊದಲು ನೀವೇ ಕೇಳಿದರೆ ವೈವಾದಲ್ಲಿ ತಡವರಿಸುವುದಿಲ್ಲ. ಸತ್ತ ಮೇಲಿನ ತಾರೀಖಿನಲ್ಲಿ ಸಹಿ ಇದೆಯೇ? ಒಂದೇ ದಿನ ಮೈಸೂರಿನಲ್ಲೂ ಬಳ್ಳಾರಿಯಲ್ಲೂ ಖುದ್ದು ಹಾಜರಿದ್ದಾರೆಯೇ? ಹಾಗಿದ್ದರೆ ಅವರು ಇಬ್ಬರು. ಕಾರ್ಡಿನ ಕಟ್ಟು ಬಿಚ್ಚಿ, ಎರಡು ಕಟ್ಟು ಮಾಡಿ.